ತರಕಾರಿಗೆ ಓಣಿ ಅಂಗಡಿಯೋ, ಸೂಪರ್ ಮಾರ್ಕೆಟ್ಟೋ?

ಉಡುಪಿಯ ಹೊರವಲಯದಲ್ಲಿ ದಿನಗೂಲಿಯಲ್ಲಿ ಮನೆ ನಡೆಸುವವರಿಗೆ ನಾನು ಹೇಳುವುದು ಹತ್ತಿರದ ಜಿನಸಿ ಅಂಗಡಿಯನ್ನೇ. ಅಲ್ಲಿ ಒಂದು ಕಟ್ಟು ಹರಿವೆ, ಬಸಳೆ, ಅಲಸಂಡೆ ಸಿಗುತ್ತದೆ. ಸೀಸನ್ನಿನಲ್ಲಿ ಮಟ್ಟುಗುಳ್ಳವೂ ಬರಬಹುದು. 2011ರಲ್ಲಿ ಜಿಐ (ಊರಿನ ಹೆಸರಿನ ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮೂರಿನ ಬದನೆ ಅದು! ಕಾಲು ಕಿಲೋ ಹೆಸರುಕಾಳು ಕೇಳಿದರೂ ತೂಗಿ ಕೊಡುತ್ತಾರೆ. ಪರಿಚಯದವರಿಗೆ ಸಾಲವೂ ಉಂಟು.

ಸೂಪರ್ ಮಾರ್ಕೆಟ್ಟಿನಲ್ಲಿ ಆಯ್ಕೆ ಜಾಸ್ತಿ, ಎಣ್ಣೆ, ಬೇಳೆಗೆ ಆಫರ್ ಇರುತ್ತದೆ. ಆದರೆ ಬಸ್ ಚಾರ್ಜು ಸೇರಿಸಿ ಲೆಕ್ಕ ಹಾಕಬೇಕು, ಅಲ್ವಾ? ತಿಂಗಳ ಸಾಮಾನಿಗೆ ಮಾತ್ರ ಹೋಗಿ.

ನ್ಯಾಯಬೆಲೆ ಅಂಗಡಿಯ ಅಕ್ಕಿ ದೊಡ್ಡ ಆಸರೆ. ಸೊಪ್ಪು, ತರಕಾರಿ ಮಾತ್ರ ಅಲ್ಲಿಲ್ಲ.

ಓಣಿ ಅಂಗಡಿಯಲ್ಲೂ ಎದುರಿಗೆ ನೇತಾಡುವುದು ಚಿಪ್ಸ್ ಪ್ಯಾಕೆಟ್ಟೇ. ನಾಲ್ಕು ಮನೆಯವರು ಸೇರಿ ದಿನಾ ಸೊಪ್ಪು ಬೇಕೆಂದು ಮೊದಲೇ ಹೇಳಿಡಿ. ಖರ್ಚಾಗುವ ಭರವಸೆ ಇದ್ದರೆ ಅಂಗಡಿಯವರು ಧೈರ್ಯವಾಗಿ ತರಿಸುತ್ತಾರೆ.