ಗರ್ಭಚೀಲ ತೆಗೆಸಿ ಅಂದ ಕೂಡಲೇ ಒಪ್ಪಬೇಡಿ

ಸೊಲ್ಲಾಪುರದ ನಮ್ಮ ಗಲ್ಲಿಯಲ್ಲಿ ಇದಕ್ಕೆ 'ಪಿಶವಿ ತೆಗೆಸೋದು' ಅಂತಾರೆ (ಪಿಶವಿ ಅಂದರೆ ಮರಾಠಿಯಲ್ಲಿ ಚೀಲ), ಹಲ್ಲು ಕೀಳಿಸಿದಷ್ಟು ಸಲೀಸಾಗಿ. ನಮ್ಮಕ್ಕನೂ ತೆಗೆಸಿದಳು. ಆಗ ಅವಳಿಗೆ 32 ವರ್ಷ.

ಅಕ್ಕ ಬೀಡಿ ಕಟ್ಟುತ್ತಾಳೆ. ಮೊರ ತೊಡೆ ಮೇಲಿಟ್ಟುಕೊಂಡು ಬೆಳಗಿನಿಂದ ಕೂತರೆ ಸಂಜೆಗೆ ಸಾವಿರ ಬೀಡಿ. ಸೊಂಟನೋವು ಮೊದಲಿಂದಲೂ ಇತ್ತು. ಆಮೇಲೆ ಬಿಳಿ ಸೆರಗು ಶುರುವಾಯಿತು. ಹೇಳಿಕೊಳ್ಳಲು ನಾಚಿಕೆ, ಮೂರು ತಿಂಗಳು ಸುಮ್ನಿದ್ದಳು. ಕೊನೆಗೆ ಹತ್ತಿರದ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಹೋದೆವು. ಸೋನೋಗ್ರಫಿ ಮಾಡಿದ ಡಾಕ್ಟರು, "ಗಡ್ಡೆ ಇದೆ, ಬಿಟ್ಟರೆ ಕ್ಯಾನ್ಸರ್. ಮಕ್ಕಳಾಗಿವೆ ಅಲ್ವಾ, ಇನ್ಯಾಕೆ ಬೇಕು?" ಅಂದರು. ನಮ್ಮ ಕೈಕಾಲು ತಣ್ಣಗಾದವು. ಓಲೆ ಅಡವಿಟ್ಟು ಮೂರನೇ ದಿನಕ್ಕೇ ಆಪರೇಷನ್ ಮಾಡಿಸಿದೆವು. ಒಪ್ಪಿಗೆ ಕಾಗದ ಮರಾಠಿಯಲ್ಲಿತ್ತು, ಅಕ್ಕನಿಗೆ ಕನ್ನಡ ಬಿಟ್ಟು ಬೇರೆ ಓದಲು ಬರಲ್ಲ. ನಾನೂ ಓದದೆ, ಸಹಿ ಹಾಕು ಅಂದೆ.

ಆಮೇಲೆ ಅವಳು ನಿದ್ದೆ ಮಾಡಿದ್ದೇ ಕಡಿಮೆ. ಜನವರಿ ಚಳಿಯಲ್ಲೂ ಮೈ ಉರಿ ಅಂತ ನಡುರಾತ್ರಿ ಹೊಸ್ತಿಲಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ. ವರ್ಷ ಕಳೆದ ಮೇಲೆ ಬೇರೆ ಡಾಕ್ಟರಿಗೆ ಫೈಲು ತೋರಿಸಿದೆವು. ಗಡ್ಡೆ ಎರಡು ಸೆಂಟಿಮೀಟರೂ ಇರಲಿಲ್ಲವಂತೆ. ಅಂಥದ್ದು ಎಷ್ಟೋ ಹೆಂಗಸರಿಗೆ ಇರುತ್ತೆ, ಕ್ಯಾನ್ಸರ್ ಆಗುವುದು ತೀರಾ ಅಪರೂಪ. ಬಿಳಿ ಸೆರಗಿಗೆ ಮೊದಲು ಮಾತ್ರೆ ಕೊಟ್ಟು ನೋಡಬೇಕಿತ್ತು ಅಂದರು. ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದಿದ್ದು ನಮಗೆ ಗೊತ್ತಾಗಿದ್ದೇ ಅವತ್ತು. ಅವು ಹೋದರೆ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆಗಳೆಲ್ಲ ಒಮ್ಮೆಲೇ ಬರುತ್ತವೆ, ಮೂಳೆಯೂ ಬೇಗ ಸವೆಯುತ್ತೆ.

2019ರಲ್ಲಿ ನಮ್ಮ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಎಷ್ಟೋ ಹೆಂಗಸರ ಗರ್ಭಚೀಲ ತೆಗೆದಿದ್ದಾರೆ ಅಂತ ಸುದ್ದಿ ಬಂದಾಗ, ಅದು ಯಾರದೋ ಕಷ್ಟ ಅಂದುಕೊಂಡಿದ್ದೆ. ಬೇಡದ ಇಂಥ ಆಪರೇಷನ್ ತಡೆಯುವ ಕೇಂದ್ರದ ಮಾರ್ಗಸೂಚಿ ಪಾಲಿಸಿ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿದೆ.

ಕೆಲವರಿಗೆ ತೆಗೆಯಲೇಬೇಕಾಗುತ್ತೆ, ನಿಜ. ಆದರೆ ಅದೇ ವಾರ ಸಹಿ ಹಾಕಬೇಡಿ. ರಿಪೋರ್ಟ್ ಕೈಗೆ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಮ್ಮೆ ತೋರಿಸಿ. ಅಂಡಾಶಯವನ್ನೂ ತೆಗೀತೀರಾ, ಯಾಕೆ ಅಂತ ಬಾಯಿಬಿಟ್ಟು ಕೇಳಿ. ಕ್ಯಾನ್ಸರ್ ಭಯ ಇದ್ದರೆ, 30 ದಾಟಿದವರಿಗೆ ಗರ್ಭಕಂಠದ, ಅಂದರೆ ಗರ್ಭಚೀಲದ ಬಾಯಿಯ, ತಪಾಸಣೆ ಸರ್ಕಾರದ ಕಡೆಯಿಂದ ಪುಕ್ಕಟೆ ಇದೆ.

ಮೊನ್ನೆ ಪಕ್ಕದ ಮನೆಯವಳು, 28 ವರ್ಷ, ಅದೇ ಮಾತು ಕೇಳಿಸಿಕೊಂಡು ಬಂದಳು. ಅಕ್ಕ ಮೊರ ಕೆಳಗಿಟ್ಟು ಅವಳ ಫೈಲು ಇಸ್ಕೊಂಡಳು. ನಾಳೆ ಮೂವರೂ ಸಿವಿಲ್ ಆಸ್ಪತ್ರೆಗೆ ಹೋಗುತ್ತಿದ್ದೇವೆ.