ಹಳೆಯ ಜಿಪ್ಸಿಯ 'ಸಣ್ಣಪುಟ್ಟ ಕೆಲಸ': ಗ್ಯಾರೇಜಿಗೆ ಬಿಡುವ ಮುನ್ನ ಓದಿ

ಹಳೆಯ ಮಾರುತಿ ಜಿಪ್ಸಿಯನ್ನು ಕೊಂಡವರು, ಕೊಳ್ಳಲು ಹೊರಟವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಮುಂದಿನ ಚಕ್ರದ ಬಳಿ ಎಣ್ಣೆ ಒಸರುವುದು, ಸ್ಟೀರಿಂಗ್ ನಡುಗುವುದು, ಫೋರ್ ವೀಲ್ (ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಎಳೆತ) ಹಿಡಿಯದಿರುವುದು ಎಂಬ ಮೂರು ದೂರುಗಳನ್ನು ಮೂರು ಬಿಡಿ ಕೆಲಸಗಳೆಂದು ಎಣಿಸಿ, ಚಕ್ರವನ್ನು ಜಾಕ್ ಮೇಲೆತ್ತಿ ನೋಡುವ ಮೊದಲೇ ಒಟ್ಟು ಮೊತ್ತ ಹೇಳುವ ಗ್ಯಾರೇಜಿಗೆ ಗಾಡಿಯನ್ನು ಬಿಡಬೇಡಿ. ಹಾಗೆ ಬಿಟ್ಟ ನನ್ನ ಜಿಪ್ಸಿ, ಒಳಗೆ ಹೋಗುವಾಗ ಇದ್ದ ಸ್ಥಿತಿಗಿಂತ ಕೆಟ್ಟು ಹೊರಗೆ ಬಂತು.

ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಈ ವಾಹನಕ್ಕೆ ಇಂದಿಗೂ ಬೇಡಿಕೆ ತಗ್ಗಿಲ್ಲ. 1985ರಲ್ಲಿ ಮಾರುಕಟ್ಟೆಗೆ ಬಂದ ಜಿಪ್ಸಿಯ ಮಾರಾಟ ಸಾಮಾನ್ಯ ಗ್ರಾಹಕರಿಗೆ 2019ರ ವೇಳೆಗೆ ನಿಂತುಹೋಗಿರುವುದರಿಂದ ಈಗ ಸಿಗುವುದೆಲ್ಲ ಎರಡನೆಯ ಅಥವಾ ಮೂರನೆಯ ಕೈಯ ಗಾಡಿಯೇ. ಸುಮಾರು ಒಂದು ಟನ್ ತೂಕದ ಇದು ಜಾರುವ ಏರಿನಲ್ಲಿ ಹತ್ತುವ ರೀತಿಗೆ ಮಾರುಹೋದವರು ಉಳಿದೆಲ್ಲವನ್ನೂ ಕ್ಷಮಿಸಿಬಿಡುತ್ತಾರೆ. ಅದರ ಲಾಭ ಪಡೆಯುವವರೂ ಇದ್ದಾರೆ. ನನ್ನದು 1.3 ಲೀಟರ್ ಎಂಜಿನ್ನಿನ ಎಂಪಿಎಫ್‌ಐ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರಿನಿಂದ ಪೆಟ್ರೋಲ್ ಸಿಂಪಡಿಸುವ) ಮಾದರಿ. ಎಂಜಿನ್ ಚೆನ್ನಾಗಿತ್ತು, ಚಾಸಿ ತುಕ್ಕು ಹಿಡಿದಿರಲಿಲ್ಲ. "ಮುಂದುಗಡೆ ಸಣ್ಣಪುಟ್ಟ ಕೆಲಸ ಇದೆ ಅಷ್ಟೇ" ಎಂದು ಮಾರಿದವರು ಮುಚ್ಚುಮರೆಯಿಲ್ಲದೆ ತಿಳಿಸಿದ್ದರಿಂದ ಅವರ ಮೇಲೆ ನನಗೆ ಯಾವ ದೂರೂ ಇಲ್ಲ.

ಆ ಕೆಲಸಗಳು ಇವು. ಎಡ ಮುಂಚಕ್ರದ ಒಳಬದಿಯಲ್ಲಿ, ಸ್ಟೀರಿಂಗ್ ತಿರುಗಿಸಿದಾಗ ಕಾಣುವ ಉಕ್ಕಿನ ಗುಂಡಿನ ಮೇಲೆ ಕಪ್ಪು ಎಣ್ಣೆ ಒಸರುತ್ತಿತ್ತು. ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲಿ ರಸ್ತೆಯ ಹಳ್ಳಕ್ಕೆ ಇಳಿಸಿದರೆ ಸ್ಟೀರಿಂಗ್ ಕಿತ್ತುಹೋಗುವಂತೆ ಅಲುಗಾಡಿ, ವೇಗ ತಗ್ಗಿಸುವವರೆಗೆ ನಿಲ್ಲುತ್ತಿರಲಿಲ್ಲ. ಮುಂಚಕ್ರವನ್ನು ಅದರ ಶಾಫ್ಟಿಗೆ ಜೋಡಿಸುವ, ಬಿಡಿಸುವ ಫ್ರೀ ವೀಲಿಂಗ್ ಹಬ್ಬಿನ ತಿರುಪು ಎಡಗಡೆಯಲ್ಲಿ ಲಾಕ್ ಸ್ಥಾನಕ್ಕೆ ತಿರುಗುತ್ತಿರಲಿಲ್ಲ. ಒಂದು ಬದಿಯ ಹಬ್ ಲಾಕ್ ಆಗದಿದ್ದರೆ ಮುಂದಿನ ಡಿಫರೆನ್ಷಿಯಲ್ (ಎರಡು ಬದಿಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ) ಆ ಬದಿಯ ಶಾಫ್ಟನ್ನು ಸುಮ್ಮನೆ ತಿರುಗಿಸುತ್ತಿರುತ್ತದೆಯೇ ಹೊರತು ಇನ್ನೊಂದು ಚಕ್ರಕ್ಕೂ ಎಳೆತ ಸಿಗುವುದಿಲ್ಲ. ಅಂದರೆ ಲಿವರ್ ಫೋರ್ ವೀಲಿನಲ್ಲಿದ್ದರೂ ಗಾಡಿ ಓಡುವುದು ಹಿಂದಿನ ಚಕ್ರಗಳಿಂದ ಮಾತ್ರ.

ಜಿಲ್ಲೆಯ ಒಂದು ಪಟ್ಟಣದ ಗ್ಯಾರೇಜಿನವರು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿ, ಸೀಲ್ ಕಿಟ್, ಹೊಸ ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗಿನ ನಡುಕ ತಗ್ಗಿಸುವ ಭಾಗ), ಹಬ್ ರಿಪೇರಿ ಎಂದು ಒಂದು ಬಿಳಿ ಚೀಟಿಯಲ್ಲಿ ಬರೆದು ಮುಂಗಡ ಪಡೆದರು. ಗಾಡಿ ಹಿಂದಿರುಗಿದಾಗ ಗುಂಡು ಒಣಗಿತ್ತು, ಸ್ಟೀರಿಂಗ್ ಶಾಂತವಾಗಿತ್ತು. ಮಳೆ ಹಿಡಿಯುವಷ್ಟರಲ್ಲಿ ಎಣ್ಣೆ ಮೊದಲಿಗಿಂತ ಹೆಚ್ಚಾಗಿ, ಮೊದಲಿಗಿಂತ ತೆಳ್ಳಗಾಗಿ ಇಳಿಯತೊಡಗಿತು; ಎಡಗಡೆಯ ಬ್ರೇಕ್ ಡಿಸ್ಕಿಗೂ ಅದು ತಗುಲಿದ್ದರಿಂದ ಬ್ರೇಕ್ ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಘಾಟಿನ ತಿರುವಿನಲ್ಲಿ ಬಲಕ್ಕೆ ಎಳೆಯುವುದೆಂದರೆ ಎದುರಿನಿಂದ ಬರುವ ಲಾರಿಯ ಕಡೆಗೆ ಎಳೆಯುವುದು ಎಂಬುದನ್ನು ವಿವರಿಸಬೇಕಿಲ್ಲ. ಮತ್ತೆ ಕೊಂಡೊಯ್ದಾಗ ಅದೇ ಸೀಲನ್ನು ಎರಡನೆಯ ಬಾರಿ ಬದಲಿಸಿ, ಎರಡನೆಯ ಬಾರಿ ಹಣ ಪಡೆದು, "ಹಳೆ ಗಾಡಿ ಅಂದ್ಮೇಲೆ ಅಷ್ಟು ಒಸರೋದು ಇದ್ದದ್ದೇ ಸರ್" ಎಂದರು.

ಅಂದೇ ಇನ್ನೊಂದು ಅನಾಹುತವೂ ನಡೆಯಿತು. ಹಬ್ ಸರಿಯಾಗಿದೆ ಎಂದು ತೋರಿಸಲು ಅಲ್ಲಿನ ಹುಡುಗ ಎರಡೂ ಹಬ್ಬುಗಳನ್ನು ಲಾಕ್ ಮಾಡಿ, ಲಿವರನ್ನು ಫೋರ್ ವೀಲಿಗೆ ಹಾಕಿ, ಮಳೆ ಬಿಟ್ಟು ಒಣಗಿದ್ದ ಡಾಂಬರು ರಸ್ತೆಯಲ್ಲಿ ಪೆಟ್ರೋಲ್ ಬಂಕಿನವರೆಗೆ ಹೋಗಿ, ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಗಾಡಿ ಹೊರಳಿಸಿಕೊಂಡು ಬಂದ. ಜಿಪ್ಸಿಯಲ್ಲಿ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ಡಿಫರೆನ್ಷಿಯಲ್ ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಕೆಸರಿನಲ್ಲಿ ಟೈರು ಒಂದಿಷ್ಟು ಜಾರಿ ಆ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಡಾಂಬರಿನಲ್ಲಿ ಜಾರಲು ಅವಕಾಶವಿಲ್ಲದೆ ಅಷ್ಟೂ ಬಿಗಿತ ಗೇರುಗಳ ಮೇಲೆ, ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳ ಮೇಲೆ ಬೀಳುತ್ತದೆ. ನನ್ನ ಗಾಡಿಗೆ ಮುಂದೆ ಹೊಸ ಟೈರು, ಹಿಂದೆ ಸವೆದ ಟೈರು ಇದ್ದದ್ದರಿಂದ ನೇರ ರಸ್ತೆಯಲ್ಲೂ ಬಿಗಿತ ಏರುತ್ತಲೇ ಇತ್ತು. ಲಿವರ್ ಸಿಕ್ಕಿಹಾಕಿಕೊಂಡಿತು. ಆಗ ಸ್ವಲ್ಪ ದೂರ ಹಿಮ್ಮುಖವಾಗಿ ಓಡಿಸಿದರೆ, ಅಥವಾ ಒಂದು ಚಕ್ರವನ್ನು ಜಾಕ್ ಮೇಲೆತ್ತಿದರೆ ಬಿಗಿತ ಸಡಿಲವಾಗಿ ಲಿವರ್ ತಾನಾಗಿ ಬರುತ್ತದೆ. ಆ ಹುಡುಗ ಲಿವರಿಗೆ ಕಬ್ಬಿಣದ ಪೈಪು ತೊಡಿಸಿ ಜಗ್ಗಿದ. ಅಂದಿನಿಂದ ಫೋರ್ ವೀಲಿಗೆ ಹಾಕಿದರೆ ಏರಿನ ಮಧ್ಯದಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ. ಗೇರನ್ನು ಸರಿಸುವ ಒಳಗಿನ ಫೋರ್ಕ್ ಬಾಗಿದೆ.

ಆ ವೇಳೆಗೆ ಸ್ಟೀರಿಂಗಿನ ನಡುಕವೂ ಮರಳಿ ಬಂದಿತ್ತು. ಹಾಸನದಲ್ಲಿ ಜೀಪು, ಜಿಪ್ಸಿಗಳನ್ನೇ ನೋಡಿಕೊಂಡು ಬಂದಿರುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿ ಒಯ್ದಾಗ ಅವರು ಮೊದಲು ಮಾಡಿದ ಕೆಲಸವೆಂದರೆ ಎಡ ಚಕ್ರವನ್ನು ನೆಲದಿಂದ ಎತ್ತಿ, ಮೇಲೊಂದು ಕೆಳಗೊಂದು ಕೈ ಹಿಡಿದು ಅಲುಗಾಡಿಸಿದ್ದು. ಕಟಕಟ ಸದ್ದು ಬಂತು. ನನಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿದರು, ಸದ್ದು ನಿಲ್ಲಲಿಲ್ಲ. ಬ್ರೇಕ್ ಒತ್ತಿದಾಗ ಪ್ಲೇ (ಸಡಿಲ ಅಲುಗಾಟ) ಮಾಯವಾದರೆ ಅದು ವೀಲ್ ಬೇರಿಂಗಿನದು, ಒತ್ತಿದರೂ ಉಳಿದರೆ ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ತಿರುಗುವ ಕೀಲಾದ ಕಿಂಗ್‌ಪಿನ್ನಿನದು ಎಂಬ ಈ ಪರೀಕ್ಷೆಗೆ ಒಂದು ಜಾಕ್ ಮತ್ತು ಇಬ್ಬರು ಮನುಷ್ಯರು ಸಾಕು. ಬಿಚ್ಚಿ ನೋಡಿದರೆ ಕೆಳಗಿನ ಕಿಂಗ್‌ಪಿನ್ ಬೇರಿಂಗಿನ ರೋಲರುಗಳು ತುಕ್ಕು ಹಿಡಿದು, ಅವು ಕೂರುವ ಕಪ್ಪಿನ ಮೇಲೆ ಒಂದೊಂದು ರೋಲರಿಗೂ ಒಂದೊಂದು ಗೆರೆಯಂತೆ ಹಳ್ಳ ಬಿದ್ದಿತ್ತು. ಹೊಸ ಡ್ಯಾಂಪರ್ ಮಾಡಿದ್ದು ಇಷ್ಟೇ: ಬೇರಿಂಗ್ ಇನ್ನಷ್ಟು ಸವೆಯುವವರೆಗೆ ನಡುಕವನ್ನು ಮುಚ್ಚಿಟ್ಟಿತ್ತು.

ಎಣ್ಣೆಯ ವಿಷಯಕ್ಕೆ ಬಂದರೆ, ಗ್ಯಾರೇಜಿನವರು ಎರಡು ಬಾರಿ ಬದಲಿಸಿದ್ದು ಗುಂಡನ್ನು ಹೊರಗಿನಿಂದ ಒರೆಸುವ ಸೀಲನ್ನು. ಅದರ ಕೆಲಸ ಒಳಗಿನ ಗ್ರೀಸನ್ನು ಹಿಡಿದಿಡುವುದು, ಕೆಸರನ್ನು ಹೊರಗಿಡುವುದು. ಡಿಫರೆನ್ಷಿಯಲ್‌ನ ಗೇರ್ ಆಯಿಲ್ ಗುಂಡಿನೊಳಗೆ ಬರದಂತೆ ತಡೆಯುವ ಸೀಲ್ ಬೇರೆಯೇ ಇದೆ, ಅದು ಆಕ್ಸಲ್ ಕೊಳವೆಯ ತುದಿಯಲ್ಲಿ, ಶಾಫ್ಟ್ ಹೊರತೆಗೆದರೆ ಮಾತ್ರ ಕೈಗೆ ಸಿಗುತ್ತದೆ. ಹೊರಗೆ ಬರುವುದು ದಪ್ಪ ಗ್ರೀಸಾದರೆ ಹೊರಗಿನ ಸೀಲನ್ನು ಅನುಮಾನಿಸಬಹುದು. ತೆಳ್ಳಗಿದ್ದು ಗೇರ್ ಆಯಿಲಿನ ಗಂಧಕದ ಘಾಟು ಹೊಡೆದರೆ ಒಳಗಿನದು ಹೋಗಿದೆ ಎಂದೇ ಅರ್ಥ. ಹಿರಿಯರು ಡಿಫರೆನ್ಷಿಯಲ್‌ನ ಫಿಲ್ಲರ್ ಬೋಲ್ಟ್ ಬಿಚ್ಚಿದಾಗ ರಂಧ್ರದ ಅಂಚಿನವರೆಗೆ ಇರಬೇಕಾದ ಎಣ್ಣೆ ಬೆರಳಿಗೆ ತಾಗಲೇ ಇಲ್ಲ. ಕೆಳಗಿನ ಬೋಲ್ಟಿನಿಂದ ಇಳಿದಷ್ಟು ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣದ್ದು, ಅಂದರೆ ನೀರು ಸೇರಿದ್ದು.

ಇಷ್ಟಕ್ಕೂ ಮೂಲ ಕಾರಣ ಬೇರೆಡೆಯಿತ್ತು. ಆಕ್ಸಲ್ ಹೌಸಿಂಗಿನ ಮೇಲೆ ಬ್ರೀದರ್ ಎಂಬ ಪುಟ್ಟ ಮುಚ್ಚಳವಿರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅದರ ಮೂಲಕ ಹೊರಗೆ ಹೋಗಬೇಕು. ನನ್ನ ಗಾಡಿಯಲ್ಲಿ ಅದು ಮಣ್ಣಿನಿಂದ ಗಟ್ಟಿಯಾಗಿ ಮುಚ್ಚಿಹೋಗಿತ್ತು. ಹೀಗಾದಾಗ ಒತ್ತಡ ಎಣ್ಣೆಯನ್ನು ಸೀಲಿನ ಮೂಲಕವೇ ಹೊರದಬ್ಬುತ್ತದೆ; ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ನೀರನ್ನು ಅದೇ ದಾರಿಯಲ್ಲಿ ಒಳಗೆಳೆಯುತ್ತದೆ. ಆ ನೀರು ಗ್ರೀಸನ್ನು ಕೆಡಿಸಿ ಕಿಂಗ್‌ಪಿನ್ ಬೇರಿಂಗಿಗೆ ತುಕ್ಕು ಹಿಡಿಸಿತ್ತು. ಹಬ್ ತಿರುಗದಿದ್ದುದೂ ಅದೇ ತುಕ್ಕಿನಿಂದಲೇ. "ಇದಕ್ಕೆ ಉಸಿರಾಡೋಕೇ ಬಿಟ್ಟಿಲ್ಲ ಸ್ವಾಮಿ, ಸೀಲ್ ತಾನೆ ಏನು ಮಾಡುತ್ತೆ?" ಎಂದರು ಆ ಹಿರಿಯರು. ತಂತಿಯಿಂದ ಚುಚ್ಚಿ, ಪೆಟ್ರೋಲಿನಲ್ಲಿ ತೊಳೆದರೆ ಸರಿಹೋಗುವ ಆ ಮುಚ್ಚಳದತ್ತ ಮೊದಲ ಗ್ಯಾರೇಜಿನಲ್ಲಿ ಯಾರೂ ಕಣ್ಣು ಹಾಯಿಸಿರಲಿಲ್ಲ.

ಆದ್ದರಿಂದ ಗುಂಡಿನ ಬಳಿ ಎಣ್ಣೆ ಕಂಡರೆ ಬ್ರೀದರ್ ನೋಡಿದ್ದೀರಾ, ಒಳಸೀಲ್ ಬದಲಿಸುತ್ತೀರಾ ಎಂದು ಕೇಳಿ. ಉತ್ತರಿಸಲು ತಡವರಿಸಿದರೆ ಗಾಡಿಯನ್ನು ಹೊರಗೆ ತನ್ನಿ. ಕಿಂಗ್‌ಪಿನ್ ಬೇರಿಂಗಿಗೆ ಎಷ್ಟು ಶಿಮ್ (ತೆಳು ಲೋಹದ ಪಟ್ಟಿ) ಹಾಕಬೇಕೆಂಬುದನ್ನು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆಯಬೇಕು, ಕೈ ಅಂದಾಜು ಸಾಲದು. ಬಿಚ್ಚಿದ ಹಳೆಯ ಬಿಡಿಭಾಗಗಳನ್ನೂ ಹೊಸದರ ಖಾಲಿ ಡಬ್ಬಿಗಳನ್ನೂ ಕೇಳಿ ಪಡೆಯಿರಿ. ಒಣ ರಸ್ತೆಯಲ್ಲಿ ಫೋರ್ ವೀಲ್ ಪರೀಕ್ಷಿಸಕೂಡದೆಂದು ಜಾಬ್ ಕಾರ್ಡಿನಲ್ಲೇ (ಗಾಡಿ ಬಿಡುವಾಗ ಗ್ಯಾರೇಜಿನವರು ಬರೆದುಕೊಡುವ ಕೆಲಸದ ಪಟ್ಟಿ) ಬರೆಸಿ.

ಜಾಬ್ ಕಾರ್ಡ್ ಮತ್ತು ಬಿಲ್ ಇಲ್ಲದೆ ಹಣ ಕೊಡಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ವಾಹನ ರಿಪೇರಿಯೂ ಸೇವೆಯೇ. ಸೇವೆಯಲ್ಲಿ ಕೊರತೆಯಾದರೆ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು, ಪಾವತಿಸಿದ ಮೊತ್ತ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. 1915 ಸಹಾಯವಾಣಿಗೆ ಕರೆ ಮಾಡಿಯೂ ದೂರು ದಾಖಲಿಸಬಹುದು. ನನ್ನ ಕೈಯಲ್ಲಿರುವುದು ಆ ಬಿಳಿ ಚೀಟಿ, ಯುಪಿಐ ಪಾವತಿಯ ದಾಖಲೆ, ಹಾಸನದಲ್ಲಿ ಬಿಚ್ಚುವಾಗ ತೆಗೆದ ಫೋಟೋಗಳು ಮತ್ತು ಆ ಹಿರಿಯ ಮೆಕ್ಯಾನಿಕ್ ಬರೆದುಕೊಟ್ಟ ವಿವರ. ಇವಿಷ್ಟನ್ನೂ ಸೇರಿಸಿ ಗ್ಯಾರೇಜಿಗೆ ನೋಟಿಸ್ ಕಳಿಸಿದ್ದೇನೆ. ಉತ್ತರ ಬಾರದಿದ್ದರೆ ಮುಂದಿನ ದೂರು ಆಯೋಗಕ್ಕೆ ಹೋಗುತ್ತದೆ.