ಬಿಲ್ ಪ್ರಿಂಟರ್‌ನಲ್ಲಿ ದಾರಿ ನಕ್ಷೆ: ಎರಡು ವರ್ಷ ಬಳಸಿದ ಮೇಲೆ

ಮೊದಲು ಬೈದುಬಿಡುತ್ತೇನೆ. ಒಂದು ಬೆಳಿಗ್ಗೆ ಸೈಕಲ್ ಹತ್ತಿ ನಕ್ಷೆ ನೋಡಿದರೆ ದಾರಿಯೇ ಮಾಯ! ಮಳೆ ಬಂದರೆ ನೆನೆಯದಿರಲಿ ಅಂತ ಹಿಂದಿನ ವಾರವೇ ಪ್ರಿಂಟ್ ಹಾಕಿ ಮೆತ್ತನೆಯ ಪಿವಿಸಿ ಕವರ್‌ನಲ್ಲಿ ಇಟ್ಟಿದ್ದೆ. ರಸ್ತೆ, ಊರು, ಸೇತುವೆ ಎಲ್ಲ ಅಳಿಸಿಹೋಗಿ, ನಾನು ಪೆನ್ಸಿಲ್‌ನಲ್ಲಿ ಬರೆದಿದ್ದ ‘ನೀರು’, ‘ಏರು’, ‘ನಾಯಿ’ ಮಾತ್ರ ಬಿಳಿ ಕಾಗದದ ಮೇಲೆ ಉಳಿದಿದ್ದವು.

ಇದರಲ್ಲಿ ಪ್ರಿಂಟರ್‌ದೇನೂ ತಪ್ಪಿಲ್ಲ, ಕಾಗದದ ಗುಣವೇ ಹಾಗೆ. ಥರ್ಮಲ್ ಪ್ರಿಂಟರ್‌ಗೆ ಇಂಕ್ ಇರುವುದಿಲ್ಲ. ಬಿಸಿ ತಾಗಿದ ಕಡೆ ಕಾಗದ ಕಪ್ಪಾಗುತ್ತದೆ, ಅಷ್ಟೆ. ಪಿವಿಸಿ ಮೆತ್ತಗಿರಲಿ ಅಂತ ಸೇರಿಸುವ ರಾಸಾಯನಿಕ ಆ ಕಪ್ಪನ್ನು ತಿಂದುಹಾಕುತ್ತದೆ. ಬೆವರು ಕೈಯೂ ಹಾಗೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಉಲ್ಟಾ, ಕಾಗದವೇ ಕಪ್ಪಾಗತೊಡಗುತ್ತದೆ. ಈಗ ಹೊರಡುವ ಹಿಂದಿನ ರಾತ್ರಿಯೇ ಪ್ರಿಂಟ್ ಹಾಕುವುದು, ಕವರ್ ಹಾಕುವುದಿಲ್ಲ.

ಆದರೂ ಬಿಟ್ಟಿಲ್ಲ. ಸೈಕಲ್‌ಗೆ ಬೇರೆ ಜಿಪಿಎಸ್ ಕೊಳ್ಳುವಷ್ಟು ದುಡ್ಡು ಇರಲಿಲ್ಲ, ಬಿಸಿಲಲ್ಲಿ ಫೋನ್ ಕಾಣುವುದಿಲ್ಲ. ನನ್ನದು 58 ಮಿ.ಮೀ. ರೋಲ್, ಅದರಲ್ಲಿ ಪ್ರಿಂಟ್ ಆಗುವುದು 48 ಮಿ.ಮೀ. ಮಾತ್ರ. 1:50,000 ಅಳತೆಯಲ್ಲಿ ಅಂದರೆ 2.4 ಕಿ.ಮೀ. ಅಗಲ. ಅದರಾಚೆ ಹೋದೆ ಅಂದರೆ ದಾರಿ ತಪ್ಪಿದ್ದೇನೆ ಅಂತಲೇ ಲೆಕ್ಕ.

ರಾತ್ರಿ ಊಟ ಆದ ಮೇಲೆ ಕೂರುತ್ತೇನೆ. ಪೂರ್ತಿ ನಕ್ಷೆ ಒಟ್ಟಿಗೆ ಕಳಿಸಿದರೆ ಬ್ಲೂಟೂತ್ ತಡವರಿಸಿ ನಡುವೆ ಬಿಳಿ ಗೆರೆ ಬೀಳುತ್ತದೆ. ಅದಕ್ಕೇ ಹತ್ತತ್ತು ಕಿಲೋಮೀಟರ್ ತುಂಡು ಮಾಡುತ್ತೇನೆ, ಒಂದೊಂದೂ 20 ಸೆಂ.ಮೀ. ಝರ್ರ್ ಅಂತ ಬೆಚ್ಚಗೆ ಹೊರಗೆ ಬರುತ್ತದೆ. 60 ಕಿ.ಮೀ. ಅಂದರೆ ಒಂದು ಮೀಟರ್ ಮೇಲೆ ಸ್ವಲ್ಪ. ಎರಡು ಪೆನ್ಸಿಲ್‌ಗೆ ಎರಡು ತುದಿ ಸುತ್ತಿ, ಹ್ಯಾಂಡಲ್ ಮೇಲಿನ ಪುಟ್ಟ ಡಬ್ಬಿಯೊಳಗೆ ಕೂರಿಸುತ್ತೇನೆ. ಹೆಬ್ಬೆರಳಲ್ಲಿ ತಿರುಗಿಸಿದಷ್ಟೂ ದಾರಿ ಮೇಲಿಂದ ಇಳಿದು ಬರುತ್ತದೆ. ಸುಮ್ನೆ ಮನೆಯಲ್ಲೇ ಎರಡು ಸಲ ತಿರುಗಿಸಿ ನೋಡುತ್ತೇನೆ, ಯಾಕೆ ಅಂತ ಕೇಳಬೇಡಿ.

ಒಂದು ತಲೆನೋವಿದೆ. ರಸ್ತೆ ಜೋರಾಗಿ ತಿರುಗಿದರೆ ಪಟ್ಟಿಯಿಂದ ಆಚೆ ಬಿದ್ದುಬಿಡುತ್ತದೆ. ಅಲ್ಲಿ ಕತ್ತರಿಸಿ, ನಕ್ಷೆಯನ್ನೇ ತಿರುಗಿಸಿ ಮುಂದಿನ ತುಂಡು ಶುರು ಮಾಡಬೇಕು. ಆಗ ಉತ್ತರ ಯಾವ ಕಡೆ ಅಂತಲೇ ಗೊತ್ತಾಗುವುದಿಲ್ಲ. 1675ರಲ್ಲೇ ಜಾನ್ ಓಗಿಲ್ಬಿ ಇಂಗ್ಲೆಂಡ್, ವೇಲ್ಸ್ ರಸ್ತೆಗಳನ್ನು ಹೀಗೆ ಪಟ್ಟಿ ಪಟ್ಟಿಯಾಗಿ ಅಚ್ಚು ಹಾಕಿಸಿ, ಪಟ್ಟಿಗಳಲ್ಲಿ ದಿಕ್ಸೂಚಿ ಬಿಡಿಸಿಟ್ಟಿದ್ದ. ಅದನ್ನು ನೋಡಿಯೇ ನಾನೂ ಪ್ರತಿ ತುಂಡಿಗೂ ಒಂದು ಬಾಣ ಹಾಕತೊಡಗಿದ್ದು.

ಹೊಸದಾಗಿ ಕೊಳ್ಳುವವರು 80 ಮಿ.ಮೀ. ರೋಲ್‌ನದ್ದೇ ನೋಡಿ. 72 ಮಿ.ಮೀ. ಪ್ರಿಂಟ್ ಆಗುತ್ತದೆ, ಕತ್ತರಿ ಕೆಲಸ ಕಡಿಮೆ. ಪ್ರಿಂಟರ್ ತೂಕ ಮಾತ್ರ ಸ್ವಲ್ಪ ಜಾಸ್ತಿ.

ಮೊನ್ನೆ ರೋಲ್ ಮುಗಿಯುತ್ತಾ ಬಂದಿದ್ದಕ್ಕೆ ಅಂಚಿನಲ್ಲಿ ಗುಲಾಬಿ ಗೆರೆ ಕಾಣಿಸಿಕೊಂಡಿತು. ಬದಲಾಯಿಸಲು ಸೋಮಾರಿತನ. ಕೊನೆಯ ಎಂಟು ಕಿಲೋಮೀಟರ್ ರಸ್ತೆಯ ಪಕ್ಕದಲ್ಲೇ ಒಂದು ಗುಲಾಬಿ ಹೊಳೆ ಹರಿಯಿತು.